ಸಹಾಯ ಬೇಕು: ಎರಡು ದೊಡ್ಡ ನಾಯಿ, ಒಂದೇ ಫ್ಲ್ಯಾಟ್ (ಪುಣೆ)

ನಮಸ್ಕಾರ. ನಾವು ಧಾರವಾಡದವರು, ಈಗ ಕೋಥ್ರೂಡ್‌ನಲ್ಲಿ ಇದ್ದೇವೆ. ಇಲ್ಲಿನ ಒಂದು ಆಶ್ರಯಧಾಮದಿಂದ ಗ್ರೇಟ್ ಡೇನ್ ಗಂಡು ಮತ್ತು ಲ್ಯಾಬ್ರಡಾರ್ ಹೆಣ್ಣನ್ನು ದತ್ತು ಪಡೆಯುವ ಯೋಚನೆ ಇದೆ. ಜೊತೆಯಲ್ಲೇ ಬೆಳೆದವು. ಬೇರೆ ಬೇರೆ ಇಟ್ಟರೆ ಡೇನ್ ಊಟವನ್ನೇ ಮುಟ್ಟುವುದಿಲ್ಲವಂತೆ. ಹಾಗಾಗಿ ಕೊಟ್ಟರೆ ಎರಡನ್ನೂ, ಇಲ್ಲವೆಂದರೆ ಒಂದನ್ನೂ ಇಲ್ಲ ಎನ್ನುತ್ತಾರೆ ಆಶ್ರಯಧಾಮದವರು. ಸರಿಯೇ ಅಲ್ವಾ?

ಸೊಸೈಟಿಯವರು ಈಗಲೇ ಗೊಣಗುತ್ತಿದ್ದಾರೆ. ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ತಡೆಯುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ತೋರಿಸಿ ಜಗಳವಿಲ್ಲದೆ ಒಪ್ಪಿಸಿದವರು ಯಾರಾದರೂ ಇದ್ದೀರಾ? ಪಾಲಿಕೆಯ ನಾಯಿ ಲೈಸೆನ್ಸ್‌ಗೆ ರೇಬೀಸ್ ಲಸಿಕೆ ಚೀಟಿಯ ಜೊತೆ ಇನ್ನೇನು ಬೇಕು?

ನನಗೆ ಜಾಸ್ತಿ ಭಯ ಡೇನ್‌ನ ಹೊಟ್ಟೆಯದು. ಈ ತಳಿಯಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳಲ್ಲೇ ಜೀವ ಹೋಗಬಹುದು. ಊಟ ಸ್ವಲ್ಪ ಸ್ವಲ್ಪ ಕೊಡಿ, ಉಂಡ ಮೇಲೆ ಓಡಿಸಬೇಡಿ ಎಂದಿದ್ದಾರೆ. ರಾತ್ರಿ ಎರಡು ಗಂಟೆಗೂ ಆಪರೇಷನ್ ಮಾಡುವ ವೆಟ್ ಹತ್ತಿರದಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ದಸರಾಕ್ಕೆ ಊರಿಗೆ ಹೋಗುವಾಗ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವವರು ಸಿಕ್ಕರಂತೂ ದೊಡ್ಡ ಉಪಕಾರ. "ಸುಮ್ನೆ ಪಗ್ ಸಾಕಿ" ಎನ್ನುವವರು ಬಿಟ್ಟು ಉಳಿದವರೆಲ್ಲ ಉತ್ತರಿಸಿ!