ಜೂನ್ 2, 1975: ಬಕ್ಸ್‌ಟನ್ ಕ್ರಿಕೆಟ್ ಮೈದಾನದಲ್ಲಿ ಹಿಮ ಬಿದ್ದದ್ದು ಹೇಗೆ?

ಕ್ವಿಜ್_ಕಿಟ್ಟಿ ಕೇಳಿದ್ದು:

ಕನ್ನಡ ಸಂಘದ ಕ್ರಿಕೆಟ್ ಕ್ವಿಜ್‌ಗೆ ಒಂದು ಪ್ರಶ್ನೆ ಕಟ್ಟಬೇಕು. ಇಂಗ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿದ್ದು ಕೌಂಟಿ (ಅಲ್ಲಿನ ಜಿಲ್ಲಾ ತಂಡಗಳ) ಪಂದ್ಯ ನಿಂತ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಒಬ್ಬೊಬ್ಬರದು ಒಂದೊಂದು ವಿವರ. ಮೂರು ವಿಷಯ ಖಚಿತವಾಗಬೇಕು.

ಒಂದು, ತಾರೀಖು ಮತ್ತು ಸ್ಕೋರು. ಎರಡು, ಜೂನ್‌ನಲ್ಲಿ ಹಿಮ ಬೀಳುವುದು ಹೇಗೆ? ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿದಿತ್ತಾ? ಸಮಿತಿಯಲ್ಲಿ ಒಬ್ಬರು "ಅದು ಆಲಿಕಲ್ಲೇ ಇರಬೇಕು, ಹಿಮ ಅಂತ ಬರೆದಿದ್ದಾರೆ" ಎಂದು ಪಟ್ಟು ಹಿಡಿದಿದ್ದಾರೆ. ಮೂರು, ಹಿಮದಿಂದಾಗಿಯೇ ಡರ್ಬಿಶೈರ್ ಅಷ್ಟು ಹೀನಾಯವಾಗಿ ಸೋತಿತೆಂದು ಬರೆಯಬಹುದೇ?

---

ಸ್ಕೋರ್‌ಪುಸ್ತಕ:

ತಾರೀಖಿನಿಂದ ಶುರು ಮಾಡೋಣ, ಎಲ್ಲರೂ ಎಡವುವುದು ಅಲ್ಲೇ. ಡರ್ಬಿಶೈರ್ ಮತ್ತು ಲ್ಯಾಂಕಶೈರ್ ನಡುವಿನ ಮೂರು ದಿನಗಳ ಕೌಂಟಿ ಚಾಂಪಿಯನ್‌ಶಿಪ್ ಪಂದ್ಯ, ಸ್ಥಳ ಬಕ್ಸ್‌ಟನ್. ಆಡಬೇಕಿದ್ದ ದಿನಗಳು ಮೇ 31 ಶನಿವಾರ, ಜೂನ್ 2 ಸೋಮವಾರ, ಜೂನ್ 3 ಮಂಗಳವಾರ. ಆ ಕಾಲದಲ್ಲಿ ಭಾನುವಾರ ಚಾಂಪಿಯನ್‌ಶಿಪ್ ಪಂದ್ಯಕ್ಕೆ ಬಿಡುವು, ಅಂದು ನಡೆಯುತ್ತಿದ್ದುದು ಸೀಮಿತ ಓವರುಗಳ ಲೀಗ್. ಹಾಗಾಗಿ "ಮೂರನೇ ದಿನ ಹಿಮ ಬಿತ್ತು" ಎಂಬುದು ತಪ್ಪು. ಕ್ಯಾಲೆಂಡರಿನಲ್ಲಿ ಮೂರನೆಯದಾದರೂ ಪಂದ್ಯಕ್ಕೆ ಅದು ಎರಡನೇ ದಿನ.

ಶನಿವಾರ ಲ್ಯಾಂಕಶೈರ್ 5 ವಿಕೆಟಿಗೆ 477 ಹೊಡೆಯಿತು. ವೆಸ್ಟ್ ಇಂಡೀಸಿನ ಕ್ಲೈವ್ ಲಾಯ್ಡ್ ಔಟಾಗದೆ 167, ಫ್ರಾಂಕ್ ಹೇಯ್ಸ್ 104. ಸೋಮವಾರ ಮೈದಾನದ ಮೇಲೆ ಸುಮಾರು ಒಂದು ಅಂಗುಲ ಹಿಮ ಕೂತು ಆಟ ಪೂರ್ತಿ ರದ್ದಾಯಿತು. ಮಂಗಳವಾರ ಬಿಸಿಲು ಬಂತು. ಡರ್ಬಿಶೈರ್ 42ಕ್ಕೆ ಆಲೌಟ್, ಫಾಲೋಆನ್ (ತೀರಾ ಹಿಂದೆ ಬಿದ್ದದ್ದಕ್ಕೆ ಕೂಡಲೇ ಮತ್ತೆ ಬ್ಯಾಟಿಂಗ್), ಮತ್ತೆ 87ಕ್ಕೆ ಆಲೌಟ್. ಇನಿಂಗ್ಸ್ ಮತ್ತು 348 ರನ್ ಸೋಲು. 42 ಮತ್ತು 87 ಕೂಡಿಸಿ 477ರಿಂದ ಕಳೆಯಿರಿ, ಲೆಕ್ಕ ತಾಳೆಯಾಗುತ್ತದೆ.

ಅಂಪೈರ್ ಡಿಕ್ಕಿ ಬರ್ಡ್. ಮಂಗಳವಾರ ಡರ್ಬಿಶೈರ್‌ನ ಆ್ಯಶ್ಲಿ ಹಾರ್ವೆ-ವಾಕರ್ ಬ್ಯಾಟಿಂಗಿಗೆ ಬಂದವರೇ ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಬರ್ಡ್ ಕೈಗೆ ಕೊಟ್ಟ ಪ್ರಸಂಗ ಪ್ರಸಿದ್ಧ. ಪಿಚ್ ಹೇಗಿತ್ತೆಂದು ಹೇಳಲು ಸ್ಕೋರ್‌ಕಾರ್ಡಿಗಿಂತ ಅದೇ ಸಾಕು.

ಹಿಮ ಬಕ್ಸ್‌ಟನ್‌ಗೆ ಮಾತ್ರ ಬಿತ್ತೆಂದೂ ಬರೆಯಬೇಡಿ. ಅಂದು ಎಸೆಕ್ಸ್‌ನ ಕೋಲ್ಚೆಸ್ಟರ್‌ನಲ್ಲೂ ಆಟಕ್ಕೆ ಹಿಮ ಅಡ್ಡಿಯಾಯಿತು, ಲಂಡನ್ನಿನ ಲಾರ್ಡ್ಸ್‌ನಲ್ಲೂ ಚಕ್ಕೆಗಳು ಹಾರಾಡಿದವು. ನೆಲದ ಮೇಲೆ ಲಕ್ಷಣವಾಗಿ ಕೂತದ್ದು ಬಕ್ಸ್‌ಟನ್‌ನಲ್ಲಿ.

---

ಮೋಡಮಾಪಕ:

ನಿಮ್ಮ ಎರಡನೇ ಪ್ರಶ್ನೆ ನನ್ನ ಪಾಲಿಗೆ.

ಆಲಿಕಲ್ಲಿನ ವಾದ ನಿಲ್ಲುವುದಿಲ್ಲ. ದಪ್ಪ ಆಲಿಕಲ್ಲು ಸೆಕೆಯ ಕೂಸು. ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗೆ ನೆಲ ಕಾದು ಬಿಸಿಗಾಳಿ ರಭಸದಿಂದ ಮೇಲೇರುತ್ತದಲ್ಲ, ಅದು ನೀರಹನಿಗಳನ್ನು ಎತ್ತೆತ್ತಿ ಹಾಕಿ ಪದರದ ಮೇಲೆ ಪದರ ಕಟ್ಟಿಸುತ್ತದೆ. ಒಂದು ಸೆಂಟಿಮೀಟರ್ ಗಾತ್ರದ ಕಲ್ಲು ಸೆಕೆಂಡಿಗೆ ಹತ್ತು ಮೀಟರ್ ಆಸುಪಾಸಿನ ವೇಗದಲ್ಲಿ ಬೀಳುವುದರಿಂದ ಕೆಳಗೆ 30 ಡಿಗ್ರಿ ಇದ್ದರೂ ಕರಗುವಷ್ಟು ಹೊತ್ತು ಸಿಗುವುದಿಲ್ಲ. ಹಿಮದ ಚಕ್ಕೆ ಬರುವುದು ಸೆಕೆಂಡಿಗೆ ಒಂದೆರಡು ಮೀಟರಿನಂತೆ, ತೇಲುತ್ತಾ. ದಾರಿಯಲ್ಲಿ ಬೆಚ್ಚನೆಯ ಗಾಳಿ ಸಿಕ್ಕರೆ ಮಳೆಯಾಗಿಬಿಡುತ್ತದೆ. ಚಿಕ್ಕಮಗಳೂರು, ಕೊಡಗಿನ ಬಿಳಿಯ ಅಂಗಳದ ಫೋಟೊಗಳನ್ನು "ಹಿಮಪಾತ" ಎಂದು ವಾಟ್ಸಾಪಿನಲ್ಲಿ ಹರಿಬಿಡುವವರಿಗೂ ಇದೇ ಉತ್ತರ.

ಸೊನ್ನೆಗಿಂತ ಕೆಳಗೆ ಇಳಿಯಬೇಕೆ? ಬೇಕಿಲ್ಲ. ಸಾಮಾನ್ಯ ಥರ್ಮಾಮೀಟರ್ ನೋಡಿ ಹಿಮ ಬೀಳುತ್ತೋ ಇಲ್ಲವೋ ಎಂದು ತೀರ್ಮಾನಿಸುವುದೇ ದೊಡ್ಡ ತಪ್ಪು. ನೋಡಬೇಕಾದದ್ದು ಒದ್ದೆ ಬಲ್ಬ್ ಉಷ್ಣಾಂಶ, ಅಂದರೆ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವಲ್ಲಿ ಇಟ್ಟ ಥರ್ಮಾಮೀಟರ್ ತೋರಿಸುವುದು. ಗಾಳಿ 4 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇ. 50 ಇದ್ದರೆ ಒದ್ದೆ ಬಲ್ಬ್ ತೋರಿಸುವುದು ಅರ್ಧ ಡಿಗ್ರಿ ಅಷ್ಟೇ. ಬೀಳುವ ಚಕ್ಕೆಯ ಮೈಯಿಂದ ತೇವ ಆರುತ್ತಾ ಹೋದಂತೆ ಅದು ತಾನೂ ತಣ್ಣಗಾಗಿ ಸುತ್ತಲ ಗಾಳಿಯನ್ನೂ ತಣ್ಣಗಾಗಿಸುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ರೀತಿ. ಅಂದಾಜಿಗೆ ಹೇಳುವುದಾದರೆ ಒದ್ದೆ ಬಲ್ಬ್ ಅರ್ಧ ಡಿಗ್ರಿಗಿಂತ ಕೆಳಗಿದ್ದರೆ ಹಿಮ ಕೂರುತ್ತದೆ, ಅರ್ಧದಿಂದ ಒಂದೂವರೆ ಡಿಗ್ರಿಯೊಳಗೆ ಹಿಮವೂ ಮಳೆಯೂ ಬೆರೆತು ಬರುತ್ತದೆ, ಎರಡು ದಾಟಿದರೆ ಬರೀ ಮಳೆ.

ಇನ್ನು ಗಾಳಿ ಬಂದದ್ದು ಎಲ್ಲಿಂದ. ಜೂನ್ ಆರಂಭದಲ್ಲಿ ಉತ್ತರ ಧ್ರುವದ ಸಮುದ್ರದ ಮೇಲೆ ಮಂಜುಗಡ್ಡೆ ಇನ್ನೂ ಹಾಸಿಕೊಂಡೇ ಇರುತ್ತದೆ. ಬ್ರಿಟನ್ನಿನ ಪಶ್ಚಿಮಕ್ಕೆ ಅಧಿಕ ಒತ್ತಡ, ಪೂರ್ವಕ್ಕೆ ಕಡಿಮೆ ಒತ್ತಡ ಕೂತರೆ ನಡುವಿನ ಓಣಿಯಲ್ಲಿ ಆ ಗಾಳಿ ನೇರ ದಕ್ಷಿಣಕ್ಕೆ ನುಗ್ಗುತ್ತದೆ. ಬರುವ ದಾರಿಯಲ್ಲಿ ಸಮುದ್ರ ಅದರ ತಳವನ್ನು ಬೆಚ್ಚಗೆ ಮಾಡಿ ತೇವ ತುಂಬುತ್ತದೆ. ತಳ ಬೆಚ್ಚಗೆ, ತಲೆ ತಣ್ಣಗೆ ಇದ್ದ ಗಾಳಿ ತೊಳಸಾಡಿ ಬಿಟ್ಟುಬಿಟ್ಟು ಬಿರುಸು ಮಳೆ ಸುರಿಸುತ್ತದೆ.

ಈ ಬಿರುಸೂ ಮುಖ್ಯ. ಒಂದು ಗ್ರಾಂ ಹಿಮ ಕರಗಲು 80 ಕ್ಯಾಲೊರಿ ಶಾಖ ಬೇಕು, ಅದನ್ನು ಕೊಡುವುದು ಸುತ್ತಲ ಗಾಳಿಯೇ. ಜೋರಾಗಿ ಬಿದ್ದಷ್ಟೂ ಗಾಳಿಯ ಶಾಖ ಬೇಗ ಖರ್ಚಾಗಿ, ಮಳೆಯಾಗಿ ಶುರುವಾದದ್ದು ಅರ್ಧ ಗಂಟೆಯಲ್ಲಿ ಹಿಮವಾಗಿ ತಿರುಗುತ್ತದೆ. ತುಂತುರಿಗೆ ಆ ಶಕ್ತಿ ಇಲ್ಲ.

ಕೊನೆಯದು ಎತ್ತರ. ಬಕ್ಸ್‌ಟನ್ ಇರುವುದು ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೆ. ಇಂಥ ತೊಳಸಾಡುವ ಗಾಳಿಯಲ್ಲಿ 300 ಮೀಟರಿಗೆ ಎರಡರಿಂದ ಮೂರು ಡಿಗ್ರಿ ಕಡಿಮೆ. ನಮ್ಮ ಬೆಂಗಳೂರಿನ 900 ಮೀಟರ್ ಮುಂದೆ ಇದೇನು ಮಹಾ ಅನಿಸಬಹುದು. ಆದರೆ ಒದ್ದೆ ಬಲ್ಬ್ ಎರಡೂವರೆ ಡಿಗ್ರಿಯಲ್ಲಿ ನಿಂತ ದಿನ ಮಳೆಗೂ ಹಿಮಕ್ಕೂ ಇರುವ ವ್ಯತ್ಯಾಸ ಆ ಎರಡು ಡಿಗ್ರಿಯೇ. ಲಂಡನ್ನಿನಲ್ಲಿ ಚಕ್ಕೆ ಹಾರಿದರೂ ಕೂರಲಿಲ್ಲ, ಬಕ್ಸ್‌ಟನ್‌ನಲ್ಲಿ ಕೂತಿತು, ಯಾಕೆಂದರೆ ಇದೇ.

"ವಸಂತವೋ ಬೇಸಿಗೆಯೋ" ಎಂಬ ತಕರಾರು ಬಂದರೆ: ಹವಾಮಾನ ಇಲಾಖೆಗಳ ಲೆಕ್ಕದಲ್ಲಿ ಜೂನ್ 1ಕ್ಕೇ ಬೇಸಿಗೆ ಶುರು, ಖಗೋಳದ ಲೆಕ್ಕದಲ್ಲಿ ಜೂನ್ 21ರವರೆಗೂ ವಸಂತ. ಕ್ವಿಜ್‌ನಲ್ಲಿ "ಬೇಸಿಗೆಯ ಹಿಮ" ಅನ್ನುವ ಬದಲು "ಜೂನ್ ಹಿಮ" ಅಂದರೆ ಜಗಳವಿಲ್ಲ.

---

ಕ್ವಿಜ್_ಕಿಟ್ಟಿ:

ಒದ್ದೆ ಬಲ್ಬ್ ವಿಷಯ ಹೊಳೆದೇ ಇರಲಿಲ್ಲ, ಸಮಿತಿಗೆ ಹಾಗೇ ಓದಿ ಹೇಳುತ್ತೇನೆ. ಮೂರನೇ ಪ್ರಶ್ನೆ ಹಾಗೇ ಉಳಿಯಿತು. ಒಂದು ಅಂಗುಲ ಹಿಮ ಅಂದರೆ ನೀರು ಎಷ್ಟು? ಪಿಚ್ ಕೆಡಲು ಅಷ್ಟು ಸಾಕಾ?

---

ಹೆವಿರೋಲರ್:

ಪಿಚ್ 20.12 ಮೀಟರ್ ಉದ್ದ, 3.05 ಮೀಟರ್ ಅಗಲ, ಒಟ್ಟು ಸುಮಾರು 61 ಚದರ ಮೀಟರ್. ಒದ್ದೆ ಹಿಮ ಎಂಟು ಅಂಗುಲ ಕರಗಿದರೆ ಒಂದು ಅಂಗುಲ ನೀರು ಅಂತ ಹಿಡಿಯಿರಿ. ಒಂದು ಅಂಗುಲ ಹಿಮಕ್ಕೆ 3 ಮಿಲಿಮೀಟರ್ ನೀರಾಯಿತು. ಪಿಚ್ ಮೇಲೆ ಸುಮಾರು 180 ಲೀಟರ್, ಹದಿನೈದು ಲೀಟರಿನ ಬಿಂದಿಗೆಯಲ್ಲಿ ಹನ್ನೆರಡು ಬಿಂದಿಗೆ. ಸಾಧಾರಣ ಮಳೆಯೇ ಇದಕ್ಕಿಂತ ಹೆಚ್ಚು ಸುರಿಸುತ್ತದೆ. ಆದರೆ ಮಳೆ ನೀರು ಇಳಿಜಾರಿನಲ್ಲಿ ಅಷ್ಟಿಷ್ಟು ಹರಿದುಹೋಗುತ್ತದೆ. ಹಿಮ ಕೂತಲ್ಲೇ ನಿಧಾನಕ್ಕೆ ಕರಗಿ ಕೆಳಗಿನ ಜೇಡಿಮಣ್ಣಿಗೆ ಇಂಗುತ್ತದೆ, ಹನಿ ನೀರಾವರಿ ಮಾಡಿದ ಹಾಗೆ.

ಆ ಕಾಲದ ಚಾಂಪಿಯನ್‌ಶಿಪ್‌ನಲ್ಲಿ ಪಂದ್ಯ ಶುರುವಾದ ಮೇಲೆ ಪಿಚ್ಚನ್ನು ಪೂರ್ತಿ ಮುಚ್ಚುವ ಪದ್ಧತಿ ಇರಲಿಲ್ಲ. ಪೂರ್ತಿ ಹೊದಿಕೆ ಬಂದದ್ದು 1980ರ ದಶಕದ ಆರಂಭದಲ್ಲಿ. ಇದನ್ನು ಬಿಟ್ಟರೆ 42 ಮತ್ತು 87ಕ್ಕೆ ಅರ್ಥವೇ ಇಲ್ಲ.

ಆದರೂ "ಹಿಮದಿಂದ ಸೋತರು" ಎಂದು ನಾನಾದರೆ ಬರೆಯುವುದಿಲ್ಲ. ಪೂರ್ತಿ ನೆನೆದ ಪಿಚ್ ಬ್ಯಾಟ್ಸ್‌ಮನ್‌ಗೆ ಅಷ್ಟೇನೂ ಕಷ್ಟವಲ್ಲ. ಚೆಂಡು ಜಾರಿ, ನಿಧಾನವಾಗಿ, ತಗ್ಗಾಗಿ ಬರುತ್ತದೆ. ಚೆಂಡೂ ಒದ್ದೆಯಾಗಿ ಬೌಲರಿಗೆ ಹಿಡಿತ ಸಿಗುವುದಿಲ್ಲ, ಕಾಲೂರುವ ಕಡೆ ಜಾರುತ್ತದೆ, ಅದಕ್ಕೇ ಮರದ ಹೊಟ್ಟು ಸುರಿಯುವುದು. ಕೆಟ್ಟ ಹೊತ್ತು ಬರುವುದು ಬಿಸಿಲು ಬಿದ್ದ ಮೇಲೆ. ಮೇಲಿನ ಕೆಲವು ಮಿಲಿಮೀಟರ್ ಒಣಗಿ ಹಪ್ಪಳದಂತೆ ಗರಿಯಾಗುತ್ತದೆ, ಕೆಳಗೆ ಇನ್ನೂ ಕೆಸರು. ಚೆಂಡು ಹಪ್ಪಳವನ್ನು ಒಡೆದು ಒಳಗೆ ಕಚ್ಚಿ ಗುಡ್ ಲೆಂಗ್ತ್‌ನಿಂದಲೇ (ಮುಂದೆ ಹೋಗಲೋ ಹಿಂದೆ ಸರಿಯಲೋ ಎಂದು ಬ್ಯಾಟ್ಸ್‌ಮನ್ ತಡವರಿಸುವ ಜಾಗದಿಂದಲೇ) ಎದೆಮಟ್ಟಕ್ಕೆ ಚಿಮ್ಮುತ್ತದೆ. ಪಕ್ಕದಲ್ಲೇ ಬಿದ್ದ ಮುಂದಿನ ಚೆಂಡು ಕಣಕಾಲಿನ ಮಟ್ಟದಲ್ಲಿ ಜಾರುತ್ತದೆ. ಪ್ರತಿ ಚೆಂಡೂ ಒಂದು ಕುಳಿ ಬಿಟ್ಟು ಹೋಗುವುದರಿಂದ ಓವರಿನಿಂದ ಓವರಿಗೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಇದೇ "ಸ್ಟಿಕಿ ವಿಕೆಟ್".

ರೋಲರ್ ಹಾಕಿದರೆ ಸರಿಹೋಗುತ್ತದೆ ಎಂಬುದು ಇನ್ನೊಂದು ತಪ್ಪು. ಇನಿಂಗ್ಸಿಗೆ ಮುಂಚೆ ನಿಯಮ ಕೊಡುವುದು ಹೆಚ್ಚೆಂದರೆ 7 ನಿಮಿಷ. ಅರೆ ಒಣಗಿದ ಪಿಚ್ ಮೇಲೆ ಭಾರದ ರೋಲರ್ ಓಡಿಸಿದರೆ ಒಳಗಿನ ತೇವ ಮೇಲೆ ಹಿಂಡಿ ಬರುತ್ತದೆ. ಮೊದಲ ಹತ್ತಿಪ್ಪತ್ತು ನಿಮಿಷ ಚೆಂಡು ಸತ್ತಂತಿದ್ದು, ಆಮೇಲೆ ಮತ್ತೆ ಹಪ್ಪಳ ಕಟ್ಟುತ್ತದೆ. ಹಗುರ ರೋಲರ್‌ನಿಂದ ಲಾಭವೂ ಇಲ್ಲ, ನಷ್ಟವೂ ಕಡಿಮೆ.

ಮಂಗಳವಾರ ಮೋಡ ಕವಿದೇ ಇದ್ದಿದ್ದರೆ ಡರ್ಬಿಶೈರ್ ಇಷ್ಟು ಬೇಗ ಉರುಳುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

---

ಶೆಫೀಲ್ಡ್_ಸೊಪ್ಪು:

ಒಂದೇ ದಿನದಲ್ಲಿ ಹಿಮ ಮಾಯವಾಗಿ ಬಿಸಿಲು ಬಂತು ಅಂದರೆ ನಂಬಿಕೆಯೇ ಬರುವುದಿಲ್ಲ. ಜನವರಿಯಲ್ಲಿ ಒಂದು ಅಂಗುಲ ಬಿದ್ದರೆ ಮೂರು ನಾಲ್ಕು ದಿನ ಕದಲುವುದಿಲ್ಲ.

ಇಂಥ ಚಳಿ ಮತ್ತೆ ಬಂದರೆ ಹಿತ್ತಲಿನಲ್ಲಿ ನೆಟ್ಟ ಬೀನ್ಸ್, ಆಲೂಗಡ್ಡೆ ಗತಿ ಏನು? ಹಿಮ ಬಿದ್ದ ತಕ್ಷಣ ಕೊಡವಿ ಹಾಕಬೇಕೇ?

---

ಮೋಡಮಾಪಕ:

ಜನವರಿ ಮಧ್ಯದವರೆಗೂ ಸೂರ್ಯ ಅಲ್ಲಿ ಮಧ್ಯಾಹ್ನಕ್ಕೂ 16 ಡಿಗ್ರಿ ಮೇಲೇಳುವುದು ಕಷ್ಟ. ಜೂನ್ ಆರಂಭದಲ್ಲಿ ಹತ್ತಿರ ಹತ್ತಿರ 59 ಡಿಗ್ರಿ. ಚದರ ಮೀಟರಿಗೆ 3 ಕೆ.ಜಿ. ಹಿಮ ಕರಗಲು ಸುಮಾರು 1000 ಕಿಲೋಜೂಲ್ ಬೇಕು. ತೆಳು ಮೋಡದ ನಡುವೆ 500 ವ್ಯಾಟ್ ಬಿಸಿಲು ಬಂದು, ಹಿಮ ಅದರಲ್ಲಿ ಮೂರನೇ ಎರಡು ಪಾಲನ್ನು ಹಿಂದಕ್ಕೆ ಎಸೆದರೂ ಒಂದೂಮುಕ್ಕಾಲು ಗಂಟೆ ಸಾಕು. ಕೆಳಗಿನ ನೆಲವೂ ಬೆಚ್ಚಗಿರುತ್ತದೆ, ಅದೂ ಕರಗಿಸುತ್ತದೆ.

ಗಿಡಗಳಿಗೆ ಹಿಮ ಬೀಳುವ ಹಗಲಿಗಿಂತ ಆಮೇಲಿನ ರಾತ್ರಿ ಅಪಾಯ. ಆಕಾಶ ತಿಳಿಯಾಗಿ ಗಾಳಿ ನಿಂತರೆ ನೆಲದ ಶಾಖವೆಲ್ಲ ಮೇಲಕ್ಕೆ ಹಾರಿ, ಬೆಳಗಿನ ಜಾವ ಎಲೆಯ ಮಟ್ಟದಲ್ಲಿ ಸೊನ್ನೆಗಿಂತ ಕೆಳಗಾಗುತ್ತದೆ. ಬೀನ್ಸ್ ಎಲೆ ಅದರಲ್ಲೇ ಕಪ್ಪಾಗಿ ಜೋತುಬೀಳುತ್ತದೆ. ಆಲೂಗಡ್ಡೆ ಮೇಲೆ ಸುಟ್ಟರೂ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ, ಕಿತ್ತುಹಾಕಬೇಡಿ. ಸಂಜೆ, ಸೂರ್ಯ ಮುಳುಗುವ ಮುಂಚೆಯೇ, ತೋಟದ ತೆಳು ಬಟ್ಟೆ ಹೊದಿಸಿ ಅಂಚಿಗೆ ಕಲ್ಲಿಡಿ. ಕಡ್ಡಿ ನೆಟ್ಟು ಎಲೆಗೆ ತಾಗದಂತೆ ಎತ್ತಿಡಿ, ತಾಗಿದ ಕಡೆ ಸುಡುತ್ತದೆ. ಇದು ಉಳಿಸುವುದು ಒಂದೆರಡು ಡಿಗ್ರಿ, ಆದರೆ ಬಹುತೇಕ ಬೇಕಾಗುವುದೂ ಅಷ್ಟೇ. ನೆಲದ ಗಿಡದ ಮೇಲಿನ ಹಿಮ ತಾನೇ ಕಂಬಳಿ, ಮುಟ್ಟಬೇಡಿ. ಎಲೆ ತುಂಬಿದ ಕೊಂಬೆಗಳದ್ದನ್ನು ಮಾತ್ರ ಇಳಿಸಬೇಕು. ಚಳಿಗಾಲದ ಬೋಳು ಕೊಂಬೆಯಲ್ಲಿ ಜಾರಿಹೋಗುವ ಹಿಮ ಎಲೆ ಇರುವಾಗ ಕೂತು ಕೊಂಬೆ ಸೀಳುತ್ತದೆ. ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ, ಮೇಲಿನಿಂದ ಬಡಿದರೆ ಮುರಿಯುವುದು ನೀವೇ.

---

ರೈನ್‌ನದಿ_ರಾಯರು:

ಜರ್ಮನಿಯಲ್ಲಿ ಇದಕ್ಕೆ ಹೆಸರೇ ಇದೆ. ಮೇ 11ರಿಂದ 15ರವರೆಗಿನ ಚಳಿಯನ್ನು "ಐಸ್‌ಹೈಲಿಗೆ" ಅನ್ನುತ್ತಾರೆ, ಮಂಜಿನ ಸಂತರು ಅಂತ. ಅದು ಕಳೆಯುವವರೆಗೆ ಟೊಮ್ಯಾಟೊ ಸಸಿ ಹೊರಗೆ ನೆಡುವುದಿಲ್ಲ. ಜೂನ್‌ನಲ್ಲಿ ಬರುವುದು "ಶಾಫ್ಸ್‌ಕೆಲ್ಟೆ", ಕುರಿಗಳ ಚಳಿ. ಆಗತಾನೇ ಉಣ್ಣೆ ಕತ್ತರಿಸಿದ ಕುರಿಗಳು ಒದ್ದೆಯಾಗಿ ನಡುಗುವ ಕಾಲ. ನಮ್ಮಲ್ಲಿ ಮಳೆ ನಕ್ಷತ್ರಗಳಿಗೆ ಗಾದೆ ಕಟ್ಟಿದಂತೆ ಇವರೂ ಕಟ್ಟಿಕೊಂಡಿದ್ದಾರೆ. ತಾರೀಖಿಗೆ ಸರಿಯಾಗಿ ಪ್ರತಿ ವರ್ಷ ಬರುತ್ತದೆ ಎಂದೇನಿಲ್ಲ.

---

ಸ್ಕೋರ್‌ಪುಸ್ತಕ:

ಕರ್ನಾಟಕದ ಕೊಂಡಿ ಬೇಕಿದ್ದರೆ ಒಂದಿದೆ. ಹಿಮ ಬಿದ್ದ ಐದೇ ದಿನಕ್ಕೆ, ಜೂನ್ 7ರಂದು, ಮೊದಲ ವಿಶ್ವಕಪ್ ಶುರುವಾಯಿತು. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರಿನಲ್ಲಿ 4ಕ್ಕೆ 334, ಭಾರತ 3ಕ್ಕೆ 132. ಗಾವಸ್ಕರ್ 174 ಎಸೆತ ಆಡಿ ಔಟಾಗದೆ 36 ಮಾಡಿದ ಪಂದ್ಯ ಅದೇ. ನಮ್ಮ ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರೂ ಆಡಿದ್ದರು, ವಿಶ್ವನಾಥ್ 37 ಹೊಡೆದರು. ಬಕ್ಸ್‌ಟನ್‌ನಲ್ಲಿ 167 ಚಚ್ಚಿದ ಲಾಯ್ಡ್ ಜೂನ್ 21ರ ಫೈನಲ್‌ನಲ್ಲಿ 102 ಹೊಡೆದು ಕಪ್ ಎತ್ತಿದರು.

---

ಕ್ವಿಜ್_ಕಿಟ್ಟಿ:

ಇಂದು ಬಕ್ಸ್‌ಟನ್‌ನಲ್ಲಿ ಹಾಗೇ ಆದರೆ? ಚಿನ್ನಸ್ವಾಮಿಯ ಸಬ್‌ಏರ್ ತರಹದ್ದು ಇದ್ದರೆ ಆಟ ಆಗುತ್ತಿತ್ತಾ? ಪ್ರಶ್ನೆ ಹೀಗೆ ಬರೆದಿದ್ದೇನೆ, ನೋಡಿ: "1975ರ ಜೂನ್ 2ರಂದು ಹಿಮ ಬಿದ್ದು ಆಟ ನಿಂತ ಕೌಂಟಿ ಪಂದ್ಯದ ಮೊದಲ ದಿನ ಔಟಾಗದೆ 167 ಹೊಡೆದು, ಅದೇ ತಿಂಗಳು ವಿಶ್ವಕಪ್ ಎತ್ತಿದವರು ಯಾರು?"

---

ಹೆವಿರೋಲರ್:

2017ರಲ್ಲಿ ಚಿನ್ನಸ್ವಾಮಿಗೆ ಹಾಕಿದ ಸಬ್‌ಏರ್ ಹೀರುವುದು ಔಟ್‌ಫೀಲ್ಡಿನ ನೀರನ್ನು, ಮರಳು ಹಾಸಿದ ನೆಲದ ಕೆಳಗಿನ ಕೊಳವೆಗಳಿಂದ. ಪಿಚ್‌ನ ಜೇಡಿಮಣ್ಣಿನಿಂದ ನೀರು ಹಾಗೆ ಇಳಿಯುವುದಿಲ್ಲ, ಅದನ್ನು ಮುಚ್ಚಿಯೇ ಕಾಯಬೇಕು. ಹೊದಿಕೆಯ ಮೇಲೆ ಹಿಮ ಬಿದ್ದರೆ ಕರಗುವ ಮುಂಚೆ ಮೆತ್ತನೆಯ ಪೊರಕೆಯಿಂದ ಇಳಿಜಾರಿನ ಕಡೆಗೆ ಗುಡಿಸಬೇಕು. ಹಿಮದ ಸಮೇತ ಹೊದಿಕೆ ಎಳೆದರೆ ಅಂಚಿನಿಂದ ನೀರೆಲ್ಲ ಪಿಚ್‌ಗೇ ಸುರಿಯುತ್ತದೆ. ಔಟ್‌ಫೀಲ್ಡಿನ ಹಿಮದ ಮೇಲೆ ರೋಲರ್ ಓಡಿಸಲೇಬಾರದು, ಒತ್ತಿ ಗಡ್ಡೆಯಾದರೆ ಕರಗಲು ದುಪ್ಪಟ್ಟು ಹೊತ್ತು.

ಪ್ರಶ್ನೆ ಚೆನ್ನಾಗಿದೆ. "ಹಿಮ ಬಿದ್ದು ಆಟ ನಿಂತ" ಅನ್ನುವಲ್ಲಿ "ಬಕ್ಸ್‌ಟನ್‌ನ" ಅಂತ ಸೇರಿಸಿ. ಇಲ್ಲದಿದ್ದರೆ ಕೋಲ್ಚೆಸ್ಟರ್ ಹೆಸರು ಹೇಳಿ ಯಾರಾದರೂ ತಕರಾರು ತೆಗೆಯುತ್ತಾರೆ.