ಹಳೇ ಪಿಕಪ್ ಮೈಲೇಜ್ 12ರಿಂದ 9.5ಕ್ಕೆ ಇಳಿದಿದೆ, ಪಂಪ್ ಬಿಚ್ಚಿಸಬೇಕಾ?

ತರಕಾರಿ ಗಾಡಿ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಬೊಲೆರೊ ಪಿಕಪ್. ಮೀಟರ್‌ನಲ್ಲಿ 2.8 ಲಕ್ಷ ಕಿ.ಮೀ. ದಾಟಿದೆ. ರಾತ್ರಿ ಟೊಮೆಟೊ, ಕ್ಯಾಪ್ಸಿಕಂ ತುಂಬಿಕೊಂಡು ಹೊಸಕೋಟೆ ಮೇಲೆ ಕಲಾಸಿಪಾಳ್ಯಕ್ಕೆ ಹೋಗುತ್ತೇನೆ. ಬೆಳಿಗ್ಗೆ ಖಾಲಿ ಕ್ರೇಟ್ ಹಾಕಿಕೊಂಡು ವಾಪಸ್. 15 ಕೆ.ಜಿ.ಯ 80 ಕ್ರೇಟ್ ಹಾಕಿದರೂ ಮೊದಲು ಲೀಟರಿಗೆ 12 ಕೊಡುತ್ತಿತ್ತು. ಈಗ 9.5 ಬಂದರೆ ಪುಣ್ಯ.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸದು. ಇಂಜಿನ್ ಆಯಿಲ್ ಟೈಮಿಗೆ ಸರಿಯಾಗಿ ಬದಲಾಯಿಸುತ್ತೇನೆ. ಕಪ್ಪು ಹೊಗೆ ಇಲ್ಲ, ಆದರೆ ಸ್ಟಾರ್ಟ್ ಮಾಡಿದ ಮೇಲೆ ಸುಮಾರು ಹೊತ್ತು ಬಿಳಿ ಹೊಗೆ ಬರುತ್ತದೆ. ಹೋದ ಬೇಸಿಗೆಯಲ್ಲಿ ಹೀಟ್ ಆಗುತ್ತಿತ್ತು, ರೇಡಿಯೇಟರ್ ಕೆಲಸ ಮಾಡಿಸಿದ ಮೇಲೆ ಆ ಕಾಟ ತಪ್ಪಿದೆ. ದೀಪಾವಳಿ ಹೊತ್ತಿಗೆ ನಾಲ್ಕೂ ಟೈರ್ ಹೊಸದು ಹಾಕಿಸಿದೆ.

ಮೆಕ್ಯಾನಿಕ್ ಡೀಸೆಲ್ ಪಂಪ್, ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಎರಡೂ ಬಿಚ್ಚಿ ಟೆಸ್ಟಿಗೆ ಕಳಿಸೋಣ, 20-25 ಸಾವಿರ ಆಗಬಹುದು ಅನ್ನುತ್ತಿದ್ದಾರೆ. ಟೊಮೆಟೊ ರೇಟು ನಿಮಗೆ ಗೊತ್ತೇ ಇದೆ. ಅಷ್ಟು ದುಡ್ಡು ಸುರಿಯುವ ಮುಂಚೆ ಬೇರೆ ಏನು ನೋಡಬೇಕು ಹೇಳಿ.

ಲೋಡ್ ಲೈನ್

ಆ 9.5 ಹೇಗೆ ಲೆಕ್ಕ ಹಾಕಿದ್ರಿ ಅಣ್ಣ? ಸಾವಿರ ರೂಪಾಯಿಗೆ ಹಾಕಿಸಿ ಮುಳ್ಳು ನೋಡುವ ಲೆಕ್ಕವಾದರೆ ಅದನ್ನು ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ಬಂಕಿನ ನಾಝಲ್ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ. ಓಡಿಸಿ. ಮತ್ತೆ ಅದೇ ಬಂಕು, ಅದೇ ಮೆಷಿನ್, ಅದೇ ಕಟ್. ಬಂಕಿನ ಮೇಲೇ ಅನುಮಾನ ಇದ್ದರೆ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಅಂತ ಕೇಳಿ, ತೋರಿಸಲೇಬೇಕು. ಗಾಡಿಗೆ ಡ್ರೈವರ್ ಬೇರೆ ಇದ್ದರೆ ಇನ್ನೊಂದು ವಿಷಯ ಇದೆ, ಅದನ್ನು ಇಲ್ಲಿ ಬರೆಯಲ್ಲ.

ಹಳೇ ಸ್ಪ್ಯಾನರ್, ತುಮಕೂರು

ಪಂಪ್ ಮುಟ್ಟಬೇಡಿ. ಪಂಪೋ ನಾಝಲ್ಲೋ ಡೀಸೆಲ್ ಜಾಸ್ತಿ ಬಿಡುತ್ತಿದ್ದರೆ ಲೋಡಿನಲ್ಲಿ ಏರು ಹತ್ತುವಾಗ ಕಪ್ಪು ಹೊಗೆ ಕಾಣಬೇಕಿತ್ತು. ನಿಮಗೆ ಅದಿಲ್ಲ. ಇಂಜಿನ್‌ಗೆ ಗಾಳಿ ತಳ್ಳುವ ಟರ್ಬೊ ಪೈಪ್ ಎಲ್ಲಾದರೂ ಬಿರುಕು ಬಿಟ್ಟು ಗಾಳಿ ಸೋರಿದರೂ ಕಪ್ಪು ಹೊಗೆಯೇ. ನೀವು ಸುಮ್ನೆ ಹೇಳಿ ಮುಂದೆ ಹೋದ ಎರಡು ಮಾತು ನನಗೆ ಮುಖ್ಯ ಅನ್ನಿಸಿತು: ಟೈರ್ ಮತ್ತು ರೇಡಿಯೇಟರ್.

ಮೊದಲು ಟೈರ್. ಪಕ್ಕದಲ್ಲಿರುವ ಸೈಜ್ ಓದಿ. ಹಳೇದು 215/75 ಆರ್15 ಇದ್ದು ಈಗ 7.00 ಆರ್15 ಹಾಕಿದ್ದರೆ ಚಕ್ರ 70 ಸೆಂ.ಮೀ.ಯಿಂದ ಹತ್ತಿರ ಹತ್ತಿರ 75 ಸೆಂ.ಮೀ. ಆಗಿದೆ. ಚಕ್ರ ದೊಡ್ಡದಾದರೆ ಅಷ್ಟೇ ದೂರಕ್ಕೆ ಕಮ್ಮಿ ಸುತ್ತು. ಮೀಟರ್ ಸುತ್ತು ಎಣಿಸುತ್ತದೆ, ರಸ್ತೆ ಅಳೆಯುವುದಿಲ್ಲ. 100 ಕಿ.ಮೀ. ಓಡಿದರೂ 94 ತೋರಿಸುತ್ತದೆ. ಅಂದರೆ ನಿಮ್ಮ 9.5 ನಿಜದಲ್ಲಿ 10 ಇರಬಹುದು. ಫೋನಿನ ಮ್ಯಾಪ್ ಹಾಕಿಕೊಂಡು ಒಂದು ಟ್ರಿಪ್ ಹೋಲಿಸಿ ನೋಡಿ.

ಆಮೇಲೆ ರೇಡಿಯೇಟರ್. ಹೀಟ್ ಆಗುತ್ತೆ ಅಂದ ತಕ್ಷಣ ನಮ್ಮ ಕಡೆ ಎಷ್ಟೋ ಜನ ಮಾಡುವ ಮೊದಲ ಕೆಲಸ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಹಾಕುವುದು. ಇಂಜಿನ್ ನೀರು ಸುಮಾರು 80 ಡಿಗ್ರಿ ಆಗುವವರೆಗೆ ರೇಡಿಯೇಟರ್ ದಾರಿ ಮುಚ್ಚಿಡುವುದು ಆ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ಮೊದಲ ನಿಮಿಷದಿಂದಲೇ ನೀರು ತಣ್ಣಗಾಗುತ್ತಾ ಇರುತ್ತದೆ. ಅದರಲ್ಲೂ ನೀವು ಓಡಿಸುವುದು ಚಳಿಗಾಲದ ರಾತ್ರಿಯಲ್ಲಿ. ತಣ್ಣನೆ ಇಂಜಿನ್‌ನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಬಿಳಿ ಹೊಗೆ ಅದೇ. ಆಯಿಲ್ ಕೂಡ ಗಟ್ಟಿಯಾಗೇ ಇರುತ್ತದೆ.

ಗಾಡಿ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ರೇಡಿಯೇಟರ್ ಮೇಲಿನ ಹೋಸ್ ಪೈಪ್ ಆಗಾಗ ಮುಟ್ಟಿ ನೋಡಿ. ಫ್ಯಾನ್ ಕಡೆ ಕೈ ಜೋಪಾನ. ವಾಲ್ವ್ ಸರಿ ಇದ್ದರೆ ಪೈಪ್ ತುಂಬಾ ಹೊತ್ತು ತಣ್ಣಗಿದ್ದು, ಆಮೇಲೆ ಇದ್ದಕ್ಕಿದ್ದಂತೆ ಬಿಸಿ ಆಗುತ್ತದೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂದರೆ ವಾಲ್ವ್ ಇಲ್ಲ, ಅಥವಾ ತೆರೆದಲ್ಲೇ ಹಿಡಿದುಕೊಂಡಿದೆ.

ಮೂರನೇದು ಬ್ರೇಕ್. ಇಷ್ಟು ಹಳೇ ಗಾಡಿಯಲ್ಲಿ ಇದನ್ನು ನೋಡದೆ ಬಿಡಬಾರದು. ಖಾಲಿ ಗಾಡಿ ಸ್ವಲ್ಪ ದೂರ ಓಡಿಸಿ, ಬ್ರೇಕ್ ಆದಷ್ಟು ಒತ್ತದೆ ತಾನಾಗಿ ನಿಲ್ಲಲು ಬಿಡಿ. ಇಳಿದು ಒಂದೊಂದು ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ. ಮುಟ್ಟಬೇಡಿ. ಒಂದು ಮಾತ್ರ ಉರಿಯುತ್ತಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿದೆ, ಡೀಸೆಲ್ ಅದನ್ನು ಎಳೆಯುವುದಕ್ಕೇ ಹೋಗುತ್ತಿದೆ.

ತರಕಾರಿ ಗಾಡಿ, ಚಿಂತಾಮಣಿ

ಸಾರ್, ನೀವು ಗಾಡಿ ಪಕ್ಕ ನಿಂತು ಬರೆದ ಹಾಗಿದೆ. ಡ್ರೈವರ್ ನಾನೇ, ಲೆಕ್ಕವೂ ಫುಲ್ ಟ್ಯಾಂಕ್ ಲೆಕ್ಕವೇ. ಟೈರ್ 7.00. ಲೋಡಿಗೆ ಒಳ್ಳೆಯದು ಅಂತ ಅಂಗಡಿಯವರು ಕೊಟ್ಟಿದ್ದರು. ಹೋಸ್ ಪೈಪ್ ಶುರುವಿನಿಂದಲೇ ಬೆಚ್ಚಗಾಗುತ್ತದೆ, ಹೀಟ್ ಮುಳ್ಳು ಹೊಸಕೋಟೆ ಬಂದರೂ ತಳ ಬಿಟ್ಟು ಏಳಲ್ಲ. ರೇಡಿಯೇಟರ್‌ನವರನ್ನು ಕೇಳಿದರೆ "ವಾಲ್ವ್ ಆಗಲೇ ತೆಗೆದಿದ್ದೆ ಅಲ್ವಾ" ಅಂದರು, ನನಗೆ ಹೇಳಿಯೇ ಇರಲಿಲ್ಲ. ಹಿಂದಿನ ಎಡಗಡೆ ಡ್ರಮ್ ಹತ್ತಿರ ಕೈ ಇಡಲು ಆಗಲ್ಲ, ಉಳಿದವು ಉಗುರುಬೆಚ್ಚಗೆ ಅಷ್ಟೇ.

ರಾಯಚೂರು ಬಿಸಿಲು

ನಮ್ಮ ಕಡೆ ಯಾವ ಗಾಡಿಯಲ್ಲೂ ವಾಲ್ವ್ ಉಳಿಸಲ್ಲ ಬಿಡ್ರಿ. 42 ಡಿಗ್ರಿ ಬಿಸಿಲಿಗೆ ಅದು ಯಾಕೆ ಬೇಕು? ಬ್ರೇಕ್ ಒಂದು ಸರಿ ಮಾಡಿಸಿ, ಸಾಕು.

ಹಳೇ ಸ್ಪ್ಯಾನರ್, ತುಮಕೂರು

ಹೊರಗೆ 42 ಇದ್ದರೂ ಇಂಜಿನ್‌ಗೆ ಬೇಕಾಗಿರುವುದು 80ರ ಮೇಲೆ ಸಾರ್. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ತೆಗೆದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ, ಸ್ವಲ್ಪ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಹಾಗೇ ತಿರುಗಿ ಬರುತ್ತದೆ. ಆಗ ಲೋಡಿನಲ್ಲಿ ಹೀಟ್ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಹೀಟ್ ಆಗುವ ಗಾಡಿಗೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ನೋಡಬೇಕು.

ಚಿಂತಾಮಣಿಯವರೇ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎಡಗಡೆ ಜಾಕ್ ಏರಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ. ಬಿಗಿ ಇದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ ಮಾಡಿ ಮತ್ತೆ ತಿರುಗಿಸಿ. ಈಗ ಸಲೀಸಾದರೆ ಕೇಬಲ್ ಒಳಗೆ ತುಕ್ಕು ಹಿಡಿದಿದೆ, ಕೇಬಲ್ ಬದಲಿಸಿ ಸಾಕು. ಆಗಲೂ ಬಿಗಿ ಇದ್ದರೆ ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್, ಶೂ ಸ್ಪ್ರಿಂಗ್ ನೋಡಿಸಿ. ಬೇರಿಂಗ್ ಕೂಡ.

ಹೊಸ ವಾಲ್ವ್ ಹಾಕಿಸುವ ಮುಂಚೆ ಬಿಸಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ತೆರೆಯುತ್ತದಾ ನೋಡಿ. ಟೈರ್ ಸವೆಯುವವರೆಗೆ ಇರಲಿ, ಲೆಕ್ಕ ಮಾತ್ರ ಫೋನಿನ ಕಿ.ಮೀ.ಯಲ್ಲಿ ಹಾಕಿ. ಇಷ್ಟಾದ ಮೇಲೂ 11 ದಾಟದಿದ್ದರೆ ನಾಝಲ್ ಮಾತ್ರ ಬಿಚ್ಚಿಸಿ ಟೆಸ್ಟ್ ಮಾಡಿಸಿ, ಪಂಪ್ ವಿಷಯ ಆಮೇಲೆ.