ಪೋಕರ್‌ನಲ್ಲಿ ಕಲರ್ ದೊಡ್ಡದು, ತೀನ್ ಪತ್ತಿಲಿ ಸೀಕ್ವೆನ್ಸ್ ದೊಡ್ಡದು, ಯಾಕೆ ಹಿಂಗೆ?

ಹೊಸಆಟಗಾರ: ನಾವು ಮೊದಲಿಂದ್ಲೂ ತೀನ್ ಪತ್ತಿ ಆಡ್ಕೊಂಡು ಬಂದವ್ರು, ಅಲ್ಲಿ ಸೀಕ್ವೆನ್ಸ್ (ಸಾಲಾಗಿ ಬರೋ ನಂಬರ್‌ಗಳು) ಮುಂದೆ ಕಲರ್ (ಎಲ್ಲಾ ಎಲೆ ಒಂದೇ ಜಾತಿ) ಸೋಲುತ್ತೆ, ಈಗ ಪೋಕರ್ ಕಲೀತಿದೀನಿ, ಇಲ್ಲಿ ನೋಡಿದ್ರೆ ಕಲರ್‌ಗೆ ಫ್ಲಶ್, ಸೀಕ್ವೆನ್ಸ್‌ಗೆ ಸ್ಟ್ರೇಟ್ ಅಂತ ಹೆಸರು, ಫ್ಲಶ್ಶೇ ಸ್ಟ್ರೇಟ್‌ಗಿಂತ ಮೇಲೆ ಅಂತಾರೆ. ಎರಡೂ ಅದೇ 52 ಎಲೆ ತಾನೆ?

ಲೆಕ್ಕದಮೇಷ್ಟ್ರು: ಎಲೆ ಅದೇ, ಆದ್ರೆ ಕೈಗೆ ಬರೋದು ಅಲ್ಲಿ 3, ಇಲ್ಲಿ 5. ಯಾವುದು ಅಪರೂಪಾನೋ ಅದು ಮೇಲೆ. 3 ಎಲೇಲಿ ಒಟ್ಟು 22,100 ಥರ ಕೈ ಆಗುತ್ತೆ, ಅದ್ರಲ್ಲಿ ಬರೀ ಸೀಕ್ವೆನ್ಸ್ 720, ಕಲರ್ 1,096. 5 ಎಲೆಗೆ ಬನ್ನಿ, ಒಟ್ಟು 25,98,960, ಅದ್ರಲ್ಲಿ ಸ್ಟ್ರೇಟ್ 10,200 ಇದ್ರೆ ಫ್ಲಶ್ 5,108 ಮಾತ್ರ, ಅಂದ್ರೆ ಸುಮಾರು 509 ಕೈಗೆ ಒಂದು. ಐದೂ ಎಲೆ ಒಂದೇ ಜಾತಿ ಬೀಳೋದು ಅಷ್ಟು ಕಷ್ಟ ಕಣ್ರಿ, ಅದಕ್ಕೇ ಉಲ್ಟಾ.

ಆಟಿನ್‌ರಾಣಿ: ಮೇಷ್ಟ್ರೇ ಪೂರ್ತಿ ಒಪ್ಪಲ್ಲ. ತೀನ್ ಪತ್ತಿಲಿ ಟ್ರಯಲ್ (ಮೂರೂ ಒಂದೇ ನಂಬರ್) 52 ಥರ ಬರುತ್ತೆ, ಪ್ಯೂರ್ ಸೀಕ್ವೆನ್ಸ್ (ಒಂದೇ ಜಾತಿಯ ಸೀಕ್ವೆನ್ಸ್) 48 ಥರ, ಆದ್ರೂ ಟ್ರಯಲ್ಲೇ ಮೇಲೆ!

ಲೆಕ್ಕದಮೇಷ್ಟ್ರು: ಒಳ್ಳೇ ಪಾಯಿಂಟ್, ಅದೊಂದು ಕಡೆ ಲೆಕ್ಕ ಸರಿಹೋಗಲ್ಲ. 5 ಎಲೆ ಪೋಕರ್‌ನಲ್ಲಿ ಮಾತ್ರ ಕ್ರಮ ಪೂರ್ತಿ ಅಪರೂಪದ ಮೇಲೇ ನಿಂತಿದೆ, ಫುಲ್ ಹೌಸ್ (ಒಂದು ನಂಬರ್ 3, ಇನ್ನೊಂದು ನಂಬರ್ 2) 3,744, ನಾಲ್ಕೂ ಒಂದೇ ನಂಬರ್ 624, ಸ್ಟ್ರೇಟ್ ಫ್ಲಶ್ (ಒಂದೇ ಜಾತಿಯ ಸ್ಟ್ರೇಟ್) ಬರೀ 40.

ಹೊಸಆಟಗಾರ: ಈಗ ಗೊತ್ತಾಯ್ತು. ಹೋಲ್ಡೆಮ್‌ನಲ್ಲಿ (ಕೈಲಿ 2 ಎಲೆ, ಮೇಜಿನ ಮೇಲೆ ಎಲ್ರಿಗೂ ಸೇರಿ 5 ಎಲೆ ಇರೋ ಪೋಕರ್) ಫ್ಲಾಪ್ ಆದ್ಮೇಲೆ, ಅಂದ್ರೆ ಮೇಜಿನ ಮೊದಲ 3 ಎಲೆ ಬಿಚ್ಚಿದ್ಮೇಲೆ, ಒಂದೇ ಜಾತಿ 4 ಇದ್ರೆ ಐದನೇದು ಬರುತ್ತಾ?

ಆಟಿನ್‌ರಾಣಿ: ಕಾಣದ 47ರಲ್ಲಿ 9 ಎಲೆ ನಿಮ್ದು. ಮುಂದಿನ ಎಲೆಗೇ ಬರೋದು 19%, ಎರಡೂ ಎಲೆ ನೋಡಿದ್ರೆ 35%. ಬಹಳ ಸಲ ಬರಲ್ಲ ಅಂತಾನೇ ಇಟ್ಕೊಳ್ಳಿ.